ಅಳಿವೆ ಬಾಗಿಲಲ್ಲಿ ಬೀಸಿದ ಬೈರಾಸ

ಕೋಡಿ, ಕುಂದಾಪುರ
18-10-1998

ಮಗಾ ಸ್ನೇಹಲತಾ,

ನಿನ್ನ ಕಾಗದ ಕೈಸೇರಿತು. ಅಲ್ಲಿಯ ನೀರು ಹಿಡಿಸದೆ ಶರಣ್ಯಾಗೆ ಜ್ವರ ಬಂದದ್ದು, ಈಗ ಇಳಿದು ಗಂಜಿ ಉಣ್ಣುತ್ತಿರುವುದು ಓದಿ ಜೀವ ಬಂದ ಹಾಗಾಯಿತು. ಮಾಲಾಡಿನ ಆ ಒಂದೇ ಕೋಣೆಯಲ್ಲಿ ನಿನ್ನ ಅಕ್ಕನ ಸಂಸಾರದ ಜೊತೆ ನೀವಿಬ್ಬರು ಹೇಗೆ ಹಿಡಿಸುತ್ತೀರೋ ದೇವರಿಗೇ ಗೊತ್ತು. ನಿನ್ನ ಅಬ್ಬೆ, ನನ್ನ ತಂಗಿ, ಬದುಕಿದ್ದರೆ ನಿನ್ನನ್ನು ಕೋಡಿಯಿಂದ ಕದಲಲು ಬಿಡುತ್ತಿರಲಿಲ್ಲ. ನಾನು ಬಿಟ್ಟೆ. ನನ್ನ ಮನೆಯಲ್ಲೇ ಇರು ಎನ್ನುವ ಮುಖ ನನಗಿರಲಿಲ್ಲ.

ಪೊಲೀಸರು ಚಾರ್ಜ್‌ಶೀಟ್ ಹಾಕಿದರು. ದೋಣಿ ಮಗುಚಿ ನಿನ್ನ ಗಂಡ ಜಿತೇಂದ್ರ ಸತ್ತದ್ದಕ್ಕೆ, ದೋಣಿ ನಡೆಸಿದ ನನ್ನ ಮಗ ರತನ್ ಮೇಲೆ ಕೇಸು. ಇಷ್ಟು ಬರೆಯಲು ಬೆಳಗಿನಿಂದ ಕೂತು ಎದ್ದು ಮಾಡುತ್ತಿದ್ದೇನೆ. 304-ಎ ಎಂಬ ಕಲಮಂತೆ. ದುಡುಕಿನಿಂದ ಅಥವಾ ನಿರ್ಲಕ್ಷ್ಯದಿಂದ ಸಾವು ಆದರೆ ಅದು. ಹೆಚ್ಚೆಂದರೆ ಎರಡು ವರ್ಷ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ.

ಪೊಲೀಸರು ನನ್ನನ್ನೂ ಕರೆಸಿ ಹೇಳಿಕೆ ಬರೆದುಕೊಂಡರು. ಅಳಿವೆ ಬಾಗಿಲಲ್ಲಿ ತೆರೆ ಏಳುವ ದಿನ ಕೋಡಿ ತುದಿಯಲ್ಲಿ ಹಳಬನೊಬ್ಬ ನಿಂತು, ಸಮುದ್ರಕ್ಕೆ ಹೊರಟ ದೋಣಿಗಳಿಗೆ ಹೆಗಲ ಬೈರಾಸ ಬೀಸಿ ಎಚ್ಚರಿಸುವುದು ನಮ್ಮಲ್ಲಿ ಅಜ್ಜನ ಕಾಲದಿಂದ ಇದ್ದದ್ದು ಅಂದೆ. ಇನ್ಸ್‌ಪೆಕ್ಟರು ಬಯಲುಸೀಮೆಯವರು. "ನಿಮ್ಮನ್ನು ಆ ಕೆಲಸಕ್ಕೆ ಯಾರು ನೇಮಿಸಿದ್ದು? ಆರ್ಡರ್ ಇದೆಯಾ?" ಎಂದು ಕೇಳಿದರು. ನನ್ನ ಮೊಣಗಂಟು ನೇಮಿಸಿದ್ದು ಸ್ವಾಮಿ, ಅದು ಹೋದ ಮೇಲೆ ದೋಣಿ ಏರಲಾಗದೆ ದಡದಲ್ಲಿ ನಿಂತೆ, ಅಂದೆ. ಕಾನ್‌ಸ್ಟೇಬಲ್ ನಕ್ಕ. "ಟವೆಲ್ ಬೀಸಿದೆ" ಎಂದು ಬರೆದುಕೊಂಡ. ಅಷ್ಟೇ.

ರತನ್‌ಗೆ ವಕೀಲರನ್ನು ಮಾಡಿದ್ದೇವೆ. ಪ್ರೇಮಾನಂದ ಎಂದು, ಬ್ರಹ್ಮಾವರದವರು. ಬರಿಯ ನಿರ್ಲಕ್ಷ್ಯ ಇದ್ದರೆ ಸಾಲದು, ಕ್ರಿಮಿನಲ್ ಕೋರ್ಟಿನಲ್ಲಿ ಘೋರ ನಿರ್ಲಕ್ಷ್ಯ ಎಂದು ತೋರಿಸಬೇಕು ಎನ್ನುತ್ತಾರೆ. ಘೋರ ಎಂದರೆ ಎಷ್ಟು, ಅದನ್ನು ಯಾವ ಕೋಲಿನಿಂದ ಅಳೆಯುವುದು, ನನಗೆ ತಲೆಬುಡ ತಿಳಿಯಲಿಲ್ಲ. ತಿಳಿದುಕೊಳ್ಳುತ್ತೇನೆ.

ನೀನು ಕೇಳಿದ್ದಕ್ಕೆ ಬರುತ್ತೇನೆ. ನಾನು ಬೀಸಿದ್ದು ರತನ್‌ಗೆ ಕಂಡಿತ್ತಾ ಎಂದು ಕೇಳಿದ್ದೀ. ಕಾಣಲಿಲ್ಲ, ಹನಿ ಮಳೆ ಇತ್ತು, ತೆರೆಯ ನೊರೆ ಕಣ್ಣಿಗೆ ಹೊಡೆಯುತ್ತಿತ್ತು ಎಂದು ಪೊಲೀಸರಿಗೆ ಹೇಳಿದ್ದಾನೆ. ತಾನು ತಡೆದು ನಿಂತಿದ್ದೆ, ಜಿತೇಂದ್ರನೇ "ಹೋಪ" ಎಂದು ಹೊರಡಲು ಅವಸರ ಮಾಡಿದ ಎಂದೂ ಹೇಳಿದ್ದಾನೆ.

ಮಳೆ ಇದ್ದದ್ದು ಹೌದು. ಮಗುವಿಗೆ ಕಾದಾರಿದ ನೀರನ್ನೇ ಕೊಡು.

ನಿನ್ನ ಮಾವ
ಗುಡ್ಡ ಮರಕಾಲ

*

ಮಾಲಾಡ್, ಮುಂಬೈ
22-11-1998

ಮಾವನಿಗೆ ಸ್ನೇಹಲತಾಳ ನಮಸ್ಕಾರ.

ನಾನು ಕಲಮು ಕೇಳಿರಲಿಲ್ಲ. ಎಷ್ಟು ವರ್ಷ ಜೈಲು ಎಂದೂ ಕೇಳಿರಲಿಲ್ಲ. ರತನ್ ಪೊಲೀಸರಿಗೆ ಏನು ಹೇಳಿದ ಎಂದೂ ಕೇಳಿರಲಿಲ್ಲ. ಅದು ಇಲ್ಲಿಗೂ ಮುಟ್ಟಿದೆ.

ಗಂಡನ ಮನೆ ನಾವುಂದದಿಂದ ಅತ್ತೆ ಯಾರ ಕೈಯಲ್ಲೋ ಬರೆಯಿಸಿದ್ದಾರೆ. ಮೀನು ಮಾರಲು ಹೋದಲ್ಲೆಲ್ಲ ಹೆಂಗಸರು ಕೇಳುತ್ತಾರಂತೆ: "ಅಪ್ಪಿ, ನಿನ್ನ ಮಗನಿಗ್ ಎಂತಕ್ ಅಷ್ಟ್ ಅವಸರ ಇದ್ದಿತ್?" ಅತ್ತೆ ಬುಟ್ಟಿ ಹೊತ್ತುಕೊಂಡು ಸುಮ್ಮನೆ ಮುಂದೆ ಹೋಗುತ್ತಾರಂತೆ. ಮಗನನ್ನು ತೆರೆ ಕೊಂಡುಹೋಯಿತು, ಈಗ ಅವನ ಹೆಸರನ್ನು ಕೊಂಡುಹೋಗುವವರು ಊರಿನವರು ಎಂದು ಬರೆಯಿಸಿದ್ದಾರೆ.

ನಿಮಗೆ ನನ್ನ ಗಂಡನ ಗುಣ ಗೊತ್ತು. ಶರಣ್ಯಾ ಹುಟ್ಟಿದ ಮೇಲೆ ಬಾವಿಕಟ್ಟೆಯ ಹತ್ತಿರ ಹೋಗುವಾಗಲೂ ನೋಡಿ ಕಾಲಿಡುತ್ತಿದ್ದ ಮನುಷ್ಯ. ತೆರೆ ಏಳುವಾಗ ಹೋಪ ಅಂದರು ಎಂದು ನಾನು ನಂಬುವುದಿಲ್ಲ. ಆದರೆ ನಾನು ಅಲ್ಲಿರಲಿಲ್ಲ. ನೀವು ಇದ್ದಿರಿ.

ರತನ್‌ಗೆ ಕಂಡಿತ್ತಾ? ಹೋಪ ಅಂದದ್ದು ಯಾರು? ನನಗೆ ಇದಿಷ್ಟೇ ಬೇಕು.

ಸ್ನೇಹಲತಾ

*

ಕೋಡಿ
9-2-1999

ಮಗಾ,

ಉತ್ತರ ತಡವಾಯಿತು. ಸುಮ್ಮನೆ ಕೂತಿರಲಿಲ್ಲ. ಕುಂದಾಪುರದ ಹಳೆ ಪುಸ್ತಕದ ಅಂಗಡಿಯಲ್ಲಿ ಕನ್ನಡದಲ್ಲಿ ಬರೆದ ಕಾನೂನಿನ ಪುಸ್ತಕ ಒಂದು ಸಿಕ್ಕಿತು. ರಟ್ಟು ಹೋಗಿದೆ, ಒಳಗೆ ಹುಳ ತಿಂದಿದೆ. ಮೂರನೇ ಕ್ಲಾಸಿನ ಓದು ನನ್ನದು. ಒಂದು ವಾಕ್ಯ ತಲೆಗೆ ಹತ್ತುವುದಕ್ಕೆ ಒಂದು ಬೀಡಿ ಬೇಕಾಗುತ್ತದೆ. ಆದರೂ ಬಿಟ್ಟಿಲ್ಲ. ಮಜಾ ಕೇಳು, ಆ ಕಲಮಿನಲ್ಲಿ ಘೋರ ಎಂಬ ಶಬ್ದವೇ ಇಲ್ಲ! ಬರಿಯ ನಿರ್ಲಕ್ಷ್ಯ ಎಂದಿದೆ. ಪುಸ್ತಕ ಹಿಡಿದುಕೊಂಡೇ ಬಸ್ಸು ಹತ್ತಿ ಬ್ರಹ್ಮಾವರಕ್ಕೆ ಹೋದೆ.

ಪ್ರೇಮಾನಂದರು ಊಟ ಮುಗಿಸಿ ಚಾವಡಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು.

"ಹ್ವಾಯ್, ಘೋರ ಅಂಬುದ್ ಇದ್ರಗ್ ಎಲ್ಲಿತ್ತ್? ತೋರ್ಸಿ ಕಾಂಬ," ಅಂದೆ.

"ಅದ್ರಗ್ ಇಲ್ಲ ಗುಡ್ಡಣ್ಣ. ಬ್ರಿಟಿಷರ ಕಾಲದಿಂದ ಜಡ್ಜ್‌ಗಳು ಬರೆದ ತೀರ್ಪಿನಲ್ಲಿ ಇತ್ತ್."

"ಕಾನೂನ್ ಮಾಡ್ದವ್ರ್ ಬರೀದಿದ್ದನ್ನ ಜಡ್ಜ್ ಎಂತಕ್ ಬರುದ್?"

"ಇಲ್ದಿದ್ರೆ ಕೈ ಜಾರಿ ಕೊಡಪಾನ ಬಿದ್ದ್ ಯಾರ್ದೋ ತಲೆ ಒಡೆದ್ರೂ ಜೈಲು ಅಂತ ಆತ್ತಲ್ಲ ಮಾರಾಯ್ರೆ."

ಆ ಮೇಲೆ ಬಿಡಿಸಿ ಹೇಳಿದರು. ಮರೆತು ಮಾಡಿದ್ದು ಒಂದು. ಅಷ್ಟು ನಿಗಾ ಇಲ್ಲದೆ ಮಾಡಿದ್ದು ಇನ್ನೊಂದು. ಅದಕ್ಕೆ ಸಿವಿಲ್ ಕೋರ್ಟಿನಲ್ಲಿ ಪರಿಹಾರ ಕೇಳಬಹುದು, ಜೈಲು ಇಲ್ಲ. ಅಪಾಯ ಕಣ್ಣೆದುರಿಗೆ ಇದೆ, ಗೊತ್ತಿದೆ, ಆದರೂ ಆದದ್ದು ಆಗಲಿ ಎಂದು ನುಗ್ಗಿದರೆ ಅದು ಘೋರ. ತಾಂಡೇಲ ಎಂದ ಮೇಲೆ ಚುಕ್ಕಾಣಿ ಅವನ ಕೈಯಲ್ಲಿ, ದೋಣಿಯಲ್ಲಿದ್ದವರ ಜೀವವೂ ಅವನ ಕೈಯಲ್ಲಿ. ಅವನು ಮಾಡಿದ್ದನ್ನು ಸಾಮಾನ್ಯ ವಿವೇಕ ಇರುವ ಬೇರೆ ತಾಂಡೇಲ ಏನು ಮಾಡುತ್ತಿದ್ದ ಎಂಬುದರ ಜೊತೆ ಇಟ್ಟು ನೋಡಬೇಕಂತೆ.

"ಆ ಸಾಮಾನ್ಯ ತಾಂಡೇಲ ಯಾರ್?" ಕೇಳಿದೆ.

"ಈಗ ಕೋಡಿಯಗ್ ದೋಣಿ ನಡೆಸೂ ಹುಡುಗ್ರೆಲ್ಲ."

"ಅವ್ರ್ಯಾರೂ ಬೈರಾಸ ಕಾಂಬುದಿಲ್ಲ. ಎಂಜಿನ್ ಬಂದ ಮೇಲೆ ಎಲ್ಲರಿಗೂ ಕೊಂಬ್ ಬಂದಿತ್."

"ಹಾಂಗಾರೆ ರತನ್ ಮಾಡಿದ್ದ್ ಸಾಮಾನ್ಯವೇ ಆಯ್ತಲ್ಲ!" ಎಂದು ಕೈ ತಟ್ಟಿ ನಕ್ಕರು.

ಬಸ್ಸಿನಲ್ಲಿ ಬರುತ್ತ ಸಿಟ್ಟಿನಿಂದ ಮೈ ಉರಿಯಿತು. ತೇಲುವ ಜಾಕೆಟ್ಟು ಯಾರೂ ಹಾಕುವುದಿಲ್ಲ, ಹಾಗಾಗಿ ಹಾಕದ್ದು ತಪ್ಪಲ್ಲ. ಯಾರೂ ತಡೆದು ನಿಲ್ಲುವುದಿಲ್ಲ, ಹಾಗಾಗಿ ನಿಲ್ಲದ್ದು ತಪ್ಪಲ್ಲ. ಊರಿಗೆ ಊರೇ ಬೇಜವಾಬ್ದಾರಿ ಆದರೆ ಒಬ್ಬೊಬ್ಬನ ಬೇಜವಾಬ್ದಾರಿ ಕಾಣದ ಹಾಗೆ ಆಗುತ್ತದಾ? ಇದು ಎಂಥ ಅಳತೆ!

ಇನ್ನೂ ಓದುತ್ತೇನೆ. ನಿನ್ನ ಅತ್ತೆಯನ್ನು ನೋಡಲು ನಾವುಂದಕ್ಕೆ ಹೋಗಿದ್ದೆ. ಅಪ್ಪಿ ಬಾಗಿಲು ತೆರೆದಳು, ನನ್ನನ್ನು ಕಂಡು ಮತ್ತೆ ಹಾಕಿದಳು. ಅವಳ ತಪ್ಪಲ್ಲ. ಶರಣ್ಯಾಳಿಗೆ ಒಣ ಸಿಗಡಿ ಕಳಿಸಿದ್ದೇನೆ, ಐತ ಮುಂಬೈಗೆ ಬರುವವನಿದ್ದಾನೆ.

ನಿನ್ನ ಮಾವ

*

ಮಾಲಾಡ್
30-3-1999

ಮಾವನಿಗೆ,

ಐತ ಬಂದಿದ್ದ. ದೋಣಿ ಮಗುಚಿದಾಗ ಈಜಿ ದಡ ಸೇರಿದವರಲ್ಲಿ ಅವನೂ ಒಬ್ಬನಲ್ಲವೇ. ಅವನನ್ನೇ ಕೇಳಿದೆ. ತಾನು ಬಲೆ ಹಿಡಿದುಕೊಂಡು ಮುಂದಿನ ಮೂತಿಗೆ ಮುಖ ಮಾಡಿ ಕೂತಿದ್ದೆ, ಎಂಜಿನ್ ಸದ್ದಿನಲ್ಲಿ ಹಿಂದೆ ರತನ್ ಜೊತೆ ಇದ್ದ ಜಿತೇಂದ್ರಣ್ಣ ಏನಂದರು ಕೇಳಲಿಲ್ಲ ಅಂದ. ನನ್ನ ಮುಖ ನೋಡಲಿಲ್ಲ. ಚಾ ಅರ್ಧಕ್ಕೇ ಬಿಟ್ಟು ಎದ್ದ.

ಹೋಗುವಾಗ ಒಂದು ಮಾತು ಹೇಳಿದ: "ನಿನ್ ಮಾವ ವಾರಕ್ಕೊಂದ್ ಸಲ ಬ್ರಹ್ಮಾವರಕ್ ಹೋತ್ರ್. ರತನ್ ಕೇಸ್ ಗೆಲ್ತ ಅಂಬ್ರ್."

ನಿಮ್ಮ ಪುಸ್ತಕ ಯಾಕೆಂದು ಆಗ ಗೊತ್ತಾಯಿತು. ಅಪ್ಪ ಮಗನನ್ನು ಉಳಿಸಿಕೊಳ್ಳುವುದು ತಪ್ಪು ಎಂದು ನಾನು ಹೇಳುವುದಿಲ್ಲ. ಆದರೆ ಅದನ್ನು ನನಗೆ ಪಾಠ ಮಾಡಿ ಕಳಿಸಬೇಡಿ.

ಇನ್ನೊಂದೇ ಕೇಳುತ್ತೇನೆ. ನನ್ನ ಅಪ್ಪಯ್ಯನಿಗೂ ಅಳಿವೆಯಲ್ಲಿ ಬೀಸುತ್ತಿದ್ದವರು ನೀವೇ. ನಿಮ್ಮ ಕಾಲ ಬುಡದಲ್ಲಿ ಮರಳಲ್ಲಿ ಆಡಿಕೊಂಡಿದ್ದವಳು ನಾನು. ಒಂದು ಕೈಯಲ್ಲಿ ಬೀಸಿದರೆ ತಡೆ, ದೊಡ್ಡ ತೆರೆ ಹೋಗಲಿ, ಆ ಮೇಲೆ ಹೊರಡು ಎಂದು. ಬೈರಾಸವನ್ನು ಎರಡು ಕೈಯಲ್ಲಿ ಅಗಲಿಸಿ ತಲೆಯ ಮೇಲೆ ಹಿಡಿದರೆ ಬಾಗಿಲು ಮುಚ್ಚಿದೆ, ಇವತ್ತು ಹಿಂದೆ ತಿರುಗು ಎಂದು. ಒಂದು ಕೈಯದನ್ನು ಹುಡುಗರು ಲೆಕ್ಕಕ್ಕೆ ಹಿಡಿಯಲಿಕ್ಕಿಲ್ಲ. ಎರಡು ಕೈಯದನ್ನು ಮೀರಿ ಹೋದ ತಾಂಡೇಲನನ್ನು ನಾನು ಕೋಡಿಯಲ್ಲಿ ಕಂಡಿಲ್ಲ.

ಅವತ್ತು ಒಂದು ಕೈಯಾ, ಎರಡು ಕೈಯಾ?

ಸ್ನೇಹಲತಾ

*

ಕೋಡಿ
16-8-2000

ಮಗಾ ಸ್ನೇಹಲತಾ,

ನಿನ್ನೆ ನೂಲ ಹುಣ್ಣಿಮೆ. ದಡದಲ್ಲಿ ಎಲ್ಲರೂ ಸಮುದ್ರಕ್ಕೆ ಹಾಲು ಹೊಯ್ದು ತೆಂಗಿನಕಾಯಿ ಬಿಟ್ಟರು. ನಾನು ಹಿಂದೆ ನಿಂತು ನೋಡಿ ಬಂದೆ. ಒಂದು ವರ್ಷಕ್ಕೂ ಮೇಲಾಯಿತು ನಿನಗೆ ಬರೆಯದೆ. ಬರೆದದ್ದನ್ನೆಲ್ಲ ಒಲೆಗೆ ಹಾಕಿದೆ.

ಶರಣ್ಯಾ ಶಾಲೆಗೆ ಸೇರಿದಳೆಂದು ನಿನ್ನ ಅಕ್ಕ ಫೋನು ಮಾಡಿದಾಗ ಹೇಳಿದಳು. ಮರಾಠಿ ಮಾತಾಡುತ್ತಾಳಂತೆ. ನನ್ನ ಹತ್ತಿರ ಮಾತಾಡುವಾಗ ಹೇಗೆ ಮಾಡುತ್ತಾಳೋ.

ರತನ್ ದೋಣಿ ಏರುವುದಿಲ್ಲ. ಐಸ್ ಪ್ಲಾಂಟಿನಲ್ಲಿ ಐಸ್ ಒಡೆಯುವ ಕೆಲಸಕ್ಕೆ ಹೋಗುತ್ತಾನೆ. ಮನೆಯಲ್ಲಿ ಉಣ್ಣುತ್ತಾನೆ, ಮಲಗುತ್ತಾನೆ, ಮಾತಿಲ್ಲ. ಕೇಸು ಮುಂದಕ್ಕೆ ಮುಂದಕ್ಕೆ ಹೋಗುತ್ತಿದೆ. ಒಮ್ಮೆ ಜಡ್ಜ್ ರಜೆ, ಒಮ್ಮೆ ಸರಕಾರಿ ವಕೀಲರು ಇಲ್ಲ, ಒಮ್ಮೆ ವಕೀಲರದ್ದೇ ಮುಷ್ಕರ. ಬೆಳಿಗ್ಗೆ ಹೋಗಿ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂತು, ಮುಂದಿನ ತಾರೀಕು ಕೇಳಿಕೊಂಡು ಬರುವುದು. ನಾನು ಹೋದದ್ದನ್ನು ಯಾರೂ ನೋಡುವುದೂ ಇಲ್ಲ.

ಊರ ಹಿರಿಯರು ಸೇರಿ ರಾಜಿ ಮಾಡಿಸುತ್ತೇವೆ ಎಂದು ಹೊರಟಿದ್ದರು. ಇಂಥ ಕೇಸಿನಲ್ಲಿ ರಾಜಿ ಇಲ್ಲ, ಸತ್ತವನು ಬಂದು ಒಪ್ಪಿಗೆ ಕೊಡುತ್ತಾನಾ ಎಂದು ಸರಕಾರಿ ವಕೀಲರು ಕೇಳಿ ಕಳಿಸಿದರು. ಕಾನೂನಿನಲ್ಲಿ ನನಗೆ ಸರಿ ಎನಿಸಿದ ಮೊದಲ ಮಾತು ಅದು.

ನೀನು ಕೇಳಿದ್ದು ನನ್ನ ತಲೆಯಿಂದ ಹೋಗಿಲ್ಲ. ಸ್ವಲ್ಪ ತಡೆದುಕೋ.

ನಿನ್ನ ಮಾವ

(ಇದಕ್ಕೆ ಉತ್ತರ ಬರದಿದ್ದರೂ ನಾನು ಬೇಸರ ಮಾಡಿಕೊಳ್ಳುವುದಿಲ್ಲ.)

*

ಕೋಡಿ
21-6-2001

ಮಗಾ,

ನಿನ್ನೆ ಸಾಕ್ಷಿ ಹೇಳಿ ಬಂದೆ. ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು.

ಸರಕಾರಿ ವಕೀಲರು ಕೇಳಿದರು: "ಆ ದಿನ ನೀವು ಏನು ಮಾಡಿದಿರಿ?"

"ಬೈರಾಸ ಹಿಡಿದೆ."

"ಬೀಸಿದಿರಾ?"

"ಮೊದಲು ಬೀಸಿದೆ, ಒಂದು ಕೈಯಲ್ಲಿ. ದೋಣಿ ನಿಲ್ಲಲಿಲ್ಲ. ಆಮೇಲೆ ಎರಡು ಕೈಯಲ್ಲಿ ಅಗಲಿಸಿ ತಲೆ ಮೇಲೆ ಹಿಡಿದೆ. ಬಾಗಿಲು ಮುಚ್ಚಿದೆ, ಹಿಂದೆ ಹೋಗು ಎಂದು ಅದರ ಅರ್ಥ. ಆರೋಪಿಗೆ ಅದು ಗೊತ್ತು. ನಾನೇ ಕಲಿಸಿದ್ದು."

ಆರೋಪಿ ಎಂದೇ ಅಂದೆ. ಮಗ ಎನ್ನಲು ಬಾಯಿ ಬರಲಿಲ್ಲ. ಅವನು ಕಟಕಟೆಯಲ್ಲಿ ನೆಲ ನೋಡಿಕೊಂಡು ನಿಂತಿದ್ದ. ಈಗ ಮುಗಿಯಿತು, ನಿನಗೆ ಉತ್ತರವೂ ಕೊಟ್ಟಂತಾಯಿತು, ಜಡ್ಜರಿಗೂ ಅಳತೆಕೋಲು ಕೊಟ್ಟಂತಾಯಿತು ಎಂದು ನಾನು ತಿಳಿದೆ. ದಡ್ಡ.

ಪ್ರೇಮಾನಂದರು ಎದ್ದರು. ಮನೆಯಲ್ಲಿ ಮಜ್ಜಿಗೆ ಕೊಟ್ಟು ಕಾನೂನು ಕಲಿಸಿದ ಮನುಷ್ಯ, ಗುರುತೇ ಇಲ್ಲದವರ ಹಾಗೆ ನನ್ನನ್ನು ನೋಡಿದರು.

"ಪೊಲೀಸರ ಮುಂದೆ ಎರಡು ಕೈ ಅಂತ ಹೇಳಿದ್ರಾ?"

"ಅವರು ಕೇಳಲಿಲ್ಲ."

"ಹೇಳಿದ್ರಾ, ಇಲ್ವಾ?"

"ಇಲ್ಲ."

"ಮೂರು ವರ್ಷ ಆದ ಮೇಲೆ ಎರಡನೇ ಕೈ ಮೊಳೆತು ಬಂತು?"

ಕೋರ್ಟಿನಲ್ಲಿ ನಗೆ. ಜಡ್ಜರೂ ತುಟಿ ಒತ್ತಿ ಹಿಡಿದುಕೊಂಡರು.

"ಆರೋಪಿ ನಿಮ್ಮ ಕಡೆ ತಿರುಗಿ ನೋಡಿದ್ದನ್ನು ನೀವು ಕಂಡಿರಾ?"

ಇಲ್ಲಿ ನಾನು ತಡೆದೆ ಮಗಾ. ದೋಣಿ ತೆರೆ ಏರುವಾಗ ಅವನ ತಲೆ ಈ ಕಡೆ ಇತ್ತು. ಕಣ್ಣು ನನ್ನ ಮೇಲಿತ್ತಾ, ತೆರೆಯ ಮೇಲಿತ್ತಾ, ಅಷ್ಟು ದೂರದಿಂದ ನನಗೆ ಕಾಣಲಿಲ್ಲ. ಕಂಡೆ ಎಂದರೆ ಸುಳ್ಳಾಗುತ್ತದೆ. "ಮುಖ ಈ ಕಡೆ ಇತ್ತು. ಕಣ್ಣು ಕಾಣಲಿಲ್ಲ," ಅಂದೆ.

"ದಟ್ಸ್ ಆಲ್," ಎಂದು ಕೂತರು.

ಹೊರಗೆ ಜಗಲಿಯಲ್ಲಿ ಸರಕಾರಿ ವಕೀಲರು ರೇಗಿದರು. ಮೊದಲೇ ಹೇಳದೆ ಈಗ ಹೇಳಿದ ಮಾತನ್ನು ಕೋರ್ಟು ಬೆಳೆಸಿದ ಮಾತು ಎನ್ನುತ್ತದಂತೆ. ನಿಜ ಇದ್ದರೂ ತೂಕ ಇರುವುದಿಲ್ಲವಂತೆ. ಅವತ್ತು ಠಾಣೆಯಲ್ಲಿ ಕಾನ್‌ಸ್ಟೇಬಲ್ "ಟವೆಲ್ ಬೀಸಿದೆ" ಎಂದು ಬರೆದು ಮುಂದಿನ ಸಾಲಿಗೆ ಹೋದಾಗ, ನಾನು ತಡಿ ಮಾರಾಯಾ ಅನ್ನಬಹುದಿತ್ತು. ರತನ್ ಪಕ್ಕದ ಕೋಣೆಯಲ್ಲಿ ಒದ್ದೆ ಬಟ್ಟೆಯಲ್ಲಿ ಕೂತಿದ್ದ. ಇದಕ್ಕಿಂತ ಹೆಚ್ಚು ಬರೆಯಲಾರೆ.

ಎರಡು ಕೈ. ಇದು ನಿನ್ನ ಪ್ರಶ್ನೆಗೆ.

ಗುಡ್ಡ ಮಾವ

*

ಮಾಲಾಡ್
15-7-2001

ಮಾವನಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ಒಂದು ದಿನ ಕೆಲಸಕ್ಕೆ ಹೋಗಲಿಲ್ಲ. ಹೊಲಿಗೆ ಅಂಗಡಿಯ ಸೇಠ್ ಬೈದ.

ನೀವು ಕೋರ್ಟಿನಲ್ಲಿ ಮಗನ ಎದುರು ನಿಂತು ಹಾಗೆ ಹೇಳಿದ್ದೀರೆಂದು ಅಕ್ಕ ನಂಬಲೇ ಇಲ್ಲ. ನಾನು ನಂಬಿದೆ. ಐತನ ಮಾತು ಕಟ್ಟಿಕೊಂಡು ಹಿಂದೆ ಒರಟಾಗಿ ಬರೆದಿದ್ದೆ. ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ.

ಆದರೆ ಮಾವ, ನೀವು ಇನ್ನೂ ನಾನು ಕೇಳಿದ ಕಡೆ ಬಂದಿಲ್ಲ. ಘೋರವೋ ಸಾಧಾರಣವೋ ಎಂದು ತೂಗಿ ರತನ್‌ನನ್ನು ಒಳಗೆ ಹಾಕಿಸಬೇಕೆಂದು ನಾನು ಹಟ ಹಿಡಿದಿದ್ದೇನೆ ಎಂದು ನೀವು ತಿಳಿದಿದ್ದೀರಿ. ಅವನು ಜೈಲಿಗೆ ಹೋದರೆ ನನಗೆ ಎಂತ ಸಿಕ್ಕುತ್ತದೆ? ಚಿಕ್ಕಂದಿನಲ್ಲಿ ಒಂದೇ ಬಟ್ಟಲಲ್ಲಿ ಗಂಜಿ ಉಂಡವರು ನಾವು.

ಶರಣ್ಯಾ ಮೊನ್ನೆ ಕೇಳಿದಳು, "ಅಪ್ಪ ಹೋಪ ಅಂದದ್ದಕ್ಕೆ ದೋಣಿ ಮಗುಚಿದ್ದಾ?" ಯಾರು ಹೇಳಿದ್ದು ಅಂದೆ. ಊರಿಂದ ಬಂದವರು ಮಾತಾಡುವಾಗ ಕೇಳಿಸಿಕೊಂಡಿದ್ದಾಳೆ. ಅವಳಿಗೆ ಏನು ಹೇಳಲಿ? ಜಡ್ಜರ ತೀರ್ಪು ಬರುವವರೆಗೆ ತಡೆ ಎನ್ನಲಾ?

ಇಡೀ ಊರಿನಲ್ಲಿ ಒಬ್ಬನಿಗೆ ಗೊತ್ತಿದೆ. ಅವನು ನಿಮ್ಮ ಮನೆಯಲ್ಲೇ ಊಟ ಮಾಡುತ್ತಾನೆ. ನೀವು ಅವನನ್ನು ಒಮ್ಮೆಯಾದರೂ ಕೇಳಿದ್ದೀರಾ?

ಸ್ನೇಹಲತಾ

*

ಕೋಡಿ
11-7-2002

ಮಗಾ,

ತೀರ್ಪು ಬಂತು. ರತನ್ ಬಿಡುಗಡೆಯಾದ.

ಇಂಗ್ಲಿಷಿನಲ್ಲಿ ಓದಿದರು. ಹೊರಗೆ ಪ್ರೇಮಾನಂದರು ಕನ್ನಡದಲ್ಲಿ ಹೇಳಿದರು. ನಿರ್ಲಕ್ಷ್ಯ ಇದ್ದಿರಬಹುದು, ಆದರೆ ಅದು ಘೋರ ಎನ್ನುವ ಮಟ್ಟಕ್ಕೆ ಹೋಗಿದೆ ಎಂದು ಸಂಶಯವಿಲ್ಲದೆ ಸಾಬೀತಾಗಿಲ್ಲ. ಆರೋಪಿ ಸನ್ನೆಯನ್ನು ಕಂಡಿದ್ದ ಎನ್ನಲು ಆಧಾರವಿಲ್ಲ. ತಂದೆಯ ಸಾಕ್ಷಿ ಆಮೇಲೆ ಬೆಳೆಸಿದ್ದು. ಅದೇ ಹೊತ್ತಿನಲ್ಲಿ ಬೇರೆ ದೋಣಿಗಳೂ ಅಳಿವೆ ದಾಟಿದ್ದವು. ಕೊನೆಗೆ ಇದನ್ನೂ ಬರೆಯಬೇಕು, ನೀನು ಬೇರೆಯವರ ಬಾಯಿಂದ ಕೇಳುವುದು ಬೇಡ: ಹೊರಡಲು ಮೃತನೇ ಅವಸರ ಮಾಡಿದ್ದ ಎಂಬ ಆರೋಪಿಯ ಹೇಳಿಕೆಯನ್ನು ಅಲ್ಲಗಳೆಯಲು ಏನೂ ಇಲ್ಲ ಎಂದೂ ಇದೆ.

ಇಷ್ಟು ವರ್ಷ ನಾನು ಆ ಶಬ್ದದ ಹಿಂದೆ ಹೋದೆ. ಈಗ ನನಗೆ ಅದರ ಅರ್ಥ ಚೆನ್ನಾಗಿ ಗೊತ್ತು. ಮನುಷ್ಯನ ತಲೆಯೊಳಗೆ ಆ ಕ್ಷಣಕ್ಕೆ ಏನಿತ್ತು, ಗೊತ್ತಿದ್ದು ನುಗ್ಗಿದನಾ, ಅದೇ ಅದರ ಅರ್ಥ. ಅದು ಗೊತ್ತಿರುವವನು ಬಾಯಿ ತೆರೆಯುವ ಅಗತ್ಯ ಕಾನೂನಿನಲ್ಲಿ ಇಲ್ಲ. ಪುಸ್ತಕವನ್ನು ಹಂಡೆ ಒಲೆಗೆ ಹಾಕಿದೆ. ನೀರೂ ಸರಿ ಕಾಯಲಿಲ್ಲ.

ಹೋದ ವರ್ಷ ನೀನು ಬರೆದ ಮೇಲೆ ಅವನನ್ನು ಕೇಳಬೇಕೆಂದು ದಿನಾ ಹೊರಟು ದಿನಾ ನುಂಗಿಕೊಂಡೆ. ಕೇಸು ಮುಗಿಯಲಿ ಎಂದು ನೆಪ. ತೀರ್ಪಿನ ದಿನ ಉಣ್ಣುವಾಗ ಕೇಳಿಯೇಬಿಟ್ಟೆ.

"ಮಗಾ, ಈಗ ನಾನ್ ಕೋರ್ಟ್ ಅಲ್ಲ. ನೀ ಕಂಡಿದ್ಯಾ?"

ಕೈ ತೊಳೆದು ಎದ್ದು ಹೋದ. ಬಟ್ಟಲಲ್ಲಿ ಅನ್ನ ಹಾಗೇ ಇತ್ತು.

ನಿನ್ನ ಮಾವ

*

ಕೋಡಿ
26-8-2002

ಮಗಾ ಸ್ನೇಹಲತಾ,

ಇದನ್ನು ಕೂತು ಓದು.

ನೂಲ ಹುಣ್ಣಿಮೆ ಕಳೆದು, ದಡದ ಚಪ್ಪರದಲ್ಲಿ ಬಲೆ ಸರಿಮಾಡುತ್ತ ಕೂತಿದ್ದೆವು. ಐತ, ಕುಷ್ಟ, ನಾನು. ದೋಣಿ ಮಗುಚಿದ ದಿನ ಕುಷ್ಟನೂ ಅದರಲ್ಲಿದ್ದವನೇ. ರತನ್ ಐಸ್ ಪ್ಲಾಂಟಿನಿಂದ ಬಂದ. ಕುಷ್ಟ ಅವನಿಗೆ ಬಲೆಯ ಸೂಜಿ ಕೊಟ್ಟು, "ಬಾ ಮಾರಾಯಾ, ಕೂಕಣಿ. ಇನ್ನೆಂತ ಹೆದ್ರಿಕೆ? ನಾಳೆಯಿಂದ ಚುಕ್ಕಾಣಿ ಹಿಡಿ," ಅಂದ.

ರತನ್ ಕೂತ. ಬಲೆಯ ನಾಲ್ಕು ಕಣ್ಣು ಹೆಣೆದ.

ಕುಷ್ಟನ ಬಾಯಿ ಸುಮ್ಮನಿರಬೇಕಲ್ಲ. "ಕೋರ್ಟೇ ಹೇಳ್ತಲ್ಲ. ಎಲ್ಲಾ ಆ ಜಿತೇಂದ್ರನ ಅವಸರ. ತಾನೂ ಹೋದ, ನಿನ್ನ ನಾಕ್ ವರ್ಷನೂ ಕೊಂಡ್ಹೋದ."

ರತನ್ ಸೂಜಿಯನ್ನು ಮರಳಿಗೆ ಎಸೆದ.

"ಅವ ಬ್ಯಾಡ ಅಂದಿದ್ದ," ಅಂದ.

"ಎಂತ?"

"ಜಿತು ಬ್ಯಾಡ ಅಂದಿದ್ದ. 'ಮಾವ ಎರಡ್ ಕೈ ಹಿಡ್ದಿರ್ ಕಾಣ್, ತಿರ್ಗ್ಸ್ ರತನ್' ಅಂದ. ನಾನೂ ಕಂಡಿದ್ದೆ. 'ಅಪ್ಪಯ್ಯಂಗ್ ಮಂಡೆ ಸಮ ಇಲ್ಲ, ದಿನಾ ಹೆದ್ರ್ಸ್ತ್ರ್' ಅಂದ್ ನೆಗಾಡಿ ಎಂಜಿನ್ ಏರ್ಸ್ದೆ. ಅವ ನನ್ನ ಕೈ ಹಿಡ್ದ. ನಾನ್ ಕೊಡ್ವಿದೆ."

ಐತ ಬಲೆಯಲ್ಲಿ ಮುಖ ಹುಗಿದುಕೊಂಡ. ಅವನಿಗೂ ಅವತ್ತು ಸ್ವಲ್ಪ ಕೇಳಿಸಿತ್ತೇನೋ. ನಾನು ಕೇಳಲಿಲ್ಲ.

ನನಗೆ ಅವನ ಕೆನ್ನೆಗೆ ಹೊಡೆಯಬೇಕು ಎನಿಸಿತು. ತಲೆ ಸವರಬೇಕು ಎಂದೂ ಎನಿಸಿತು. ಎರಡೂ ಮಾಡದೆ ಕಾಗದ ಪೆನ್ನು ಹುಡುಕುತ್ತ ಮನೆಗೆ ಬಂದೆ.

ಜಿತೇಂದ್ರ ಬೇಡ ಅಂದಿದ್ದ ಮಗಾ. ಶರಣ್ಯಾಗೆ ಹೇಳು.

ಗುಡ್ಡ ಮಾವ

*

ಮಾಲಾಡ್
8-9-2002

ಮಾವನಿಗೆ,

ಹೇಳಿದೆ. ಅವಳು ಕೇಳಿದಳು, "ಮತ್ತೆ ರತನ್ ಮಾಮ ಯಾಕೆ ಕೇಳಲಿಲ್ಲ?"

ನನಗೆ ಇನ್ನು ಕೋರ್ಟು ಬೇಡ, ಅಪೀಲೂ ಬೇಡ. ರತನ್‌ಗೆ ಒಂದು ಮಾತು ತಿಳಿಸಿ. ಬಲೆ ಚಪ್ಪರದಲ್ಲಿ ಹೇಳಿದ್ದು ಸಾಲದು. ಅವನು ನಾವುಂದಕ್ಕೆ ಹೋಗಿ, ನನ್ನ ಅತ್ತೆಯ ಎದುರು ನಿಂತು, ತನ್ನ ಬಾಯಲ್ಲೇ ಹೇಳಬೇಕು. ನೀವು ಅವನ ಪರವಾಗಿ ಮಾತಾಡಬಾರದು. ಅವನು ಅದನ್ನು ಮಾಡಿದ ಮೇಲೆ ನಾನೂ ಶರಣ್ಯಾಳೂ ಊರಿಗೆ ಬರುತ್ತೇವೆ. ಮಾಡದಿದ್ದರೆ ಬರುವುದಿಲ್ಲ.

ಸ್ನೇಹಲತಾ

*

ಕೋಡಿ
2-10-2002

ಮಗಾ,

ಇವತ್ತು ನಾವುಂದಕ್ಕೆ ಹೋಗಿದ್ದೆವು. ನೀನು ಹೇಳಿದ ಹಾಗೆ ನಾನು ಬೇಲಿಯ ದಣಪೆಯ ಹೊರಗೇ ನಿಂತೆ.

ಅಪ್ಪಿ ಮೀನು ಮಾರಿ ಆಗಷ್ಟೇ ಬಂದು ಅಂಗಳದಲ್ಲಿ ಬುಟ್ಟಿ ತೊಳೆಯುತ್ತಿದ್ದಳು. ರತನ್‌ನನ್ನು ಕಂಡು ಕೂಕಣಿ ಎನ್ನಲಿಲ್ಲ, ಒಂದು ಚೊಂಬು ನೀರು ಕೊಡಲಿಲ್ಲ. ಅವನು ನಿಂತೇ ಹೇಳಿದ. ಎಲ್ಲವನ್ನೂ ಹೇಳಿದ, ನಕ್ಕದ್ದನ್ನೂ, ಕೈ ಕೊಡವಿದ್ದನ್ನೂ, ಪೊಲೀಸರ ಮುಂದೆ ಸುಳ್ಳು ಹೇಳಿದ್ದನ್ನೂ. ಅವಳು ಬುಟ್ಟಿ ತೊಳೆಯುವುದನ್ನು ನಿಲ್ಲಿಸಲಿಲ್ಲ.

ಅವನು ಮುಗಿಸಿ ತಿರುಗಿ ನಾಲ್ಕು ಹೆಜ್ಜೆ ಬಂದಿದ್ದ. ಅಷ್ಟರಲ್ಲಿ ಅಪ್ಪಿ ಬುಟ್ಟಿ ಕವುಚಿ ಹಾಕಿ, ಸೆರಗಿಗೆ ಕೈ ಒರೆಸಿ, ಆಚೆ ಈಚೆ ಮನೆಗಳ ಕಡೆ ಮುಖ ಮಾಡಿ ಕೂಗಿದಳು. ಮೀನು ತಂದೆ ಎಂದು ಕೂಗುವ ಅದೇ ಗಂಟಲು.

"ಹ್ವಾಯ್! ಎಲ್ಲಾ ಹೊರಗ್ ಬನಿ! ನನ್ ಮಗನಿಗ್ ಎಂತಕ್ ಅವಸರ ಅಂತ ಕೇಂತಿದ್ರಲ್ಲ, ಬನಿ!"

ಹೆಂಗಸರು ಬಂದರು. ಬೇಲಿ ಆಚೆ ಗಂಡಸರೂ ನಿಂತರು.

"ಈಗ ಇನ್ನೊಂದ್ ಸಲ ಹೇಳ್," ಅಂದಳು ರತನ್‌ಗೆ. "ಎಲ್ಲರಿಗೂ ಕೇಂಬಂಗೆ ಹೇಳ್. ನನ್ ಮಗ ಎಂತ ಅಂದ?"

ಅವನು ಹೇಳಿದ.

"ಕೇಣ್ಲಿಲ್ಲ. ದೊಡ್ಡಕ್ ಹೇಳ್."

ಅವನು ಅಳುತ್ತ ದೊಡ್ಡದಾಗಿ ಹೇಳಿದ.

ನೀವು ಯಾವ ಬಸ್ಸಿಗೆ ಬರುತ್ತೀರಿ ಎಂದು ಬರೆ. ಶಾಸ್ತ್ರಿ ಸರ್ಕಲಿನಲ್ಲಿ ನಾನು ನಿಂತಿರುತ್ತೇನೆ.

ಗುಡ್ಡ ಮಾವ